ದಿನಗಳ ಲೆಕ್ಕದ ಸೇನೆ: ಸ್ವಿಟ್ಜರ್‌ಲೆಂಡಿನ ಬಗ್ಗೆ ನೀವು ಕೇಳಿದ್ದು

ಯುರೋಪಿನ ಚಿಕ್ಕ ದೇಶಗಳ ಸೇನೆಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ವಿಟ್ಜರ್‌ಲೆಂಡಿನ ಕುರಿತೇ ಇದ್ದುದರಿಂದ ಈ ಸಲದ ಅಂಕಣ ಪೂರ್ತಿ ಆ ದೇಶಕ್ಕೇ ಮೀಸಲು.

ಇನ್ನೂರು ವರ್ಷದಿಂದ ಹೊರದೇಶದ ಜೊತೆ ಯುದ್ಧವನ್ನೇ ಮಾಡದ ದೇಶ ಅದು. ಅಲ್ಲಿ ಸೇನೆಯಾದರೂ ಯಾಕೆ, ಅದನ್ನು ಮತ್ತೆ ಮತ್ತೆ ಸುಧಾರಿಸುವುದಾದರೂ ಯಾಕೆ? – ಶಿವಮೊಗ್ಗದಿಂದ

ತಟಸ್ಥ ದೇಶ ಅಂದರೆ ಆಯುಧ ಕೆಳಗಿಟ್ಟು ಕೂತ ದೇಶ ಅಂತಲ್ಲ. 1907ರ ಹೇಗ್ ಒಪ್ಪಂದದ ಪ್ರಕಾರ, ಕಾದಾಡುವ ಯಾವ ಪಕ್ಷವೂ ತನ್ನ ನೆಲವನ್ನು ಬಳಸಿಕೊಳ್ಳದಂತೆ ತಡೆಯುವ ಹೊಣೆ ತಟಸ್ಥ ದೇಶದ್ದೇ. ಆ ಹೊಣೆ ಹೊರಲು ಸೇನೆ ಬೇಕು. ಆದರೆ ಸ್ವಿಟ್ಜರ್‌ಲೆಂಡಿನ ವಿಸ್ತೀರ್ಣ 41,285 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಕಾಲು ಭಾಗಕ್ಕೂ ಕಡಿಮೆ. ಜನಸಂಖ್ಯೆ ಸುಮಾರು 90 ಲಕ್ಷ. ಸಂಬಳದ ದೊಡ್ಡ ಸೇನೆ ಸಾಕುವ ಯೋಚನೆಯನ್ನೇ ಆ ದೇಶ ಮಾಡಲಿಲ್ಲ. ಸೇನೆ ಮಿಲಿಷಿಯಾ ತತ್ತ್ವದ ಮೇಲೆ ನಡೆಯಬೇಕು ಎಂದು ಅದರ ಸಂವಿಧಾನದ 58ನೇ ವಿಧಿ ಹೇಳುತ್ತದೆ. ಸುದ್ದಿಯಲ್ಲಿ ಕೇಳುವ ಬಂಡುಕೋರ ಪಡೆಯ ಅರ್ಥ ಇಲ್ಲಿ ಬೇಡ. ಬಡಗಿ, ಬ್ಯಾಂಕ್ ನೌಕರ, ಹೈನುಗಾರ, ವಕೀಲ ತಮ್ಮ ತಮ್ಮ ಕೆಲಸದಲ್ಲೇ ಇದ್ದು, ವರ್ಷದಲ್ಲಿ ಕೆಲವು ವಾರ ಸಮವಸ್ತ್ರ ತೊಡುವ ವ್ಯವಸ್ಥೆ ಇದು. ಪೂರ್ಣಾವಧಿಯ ಸೈನಿಕರು ಒಂದು ಸಣ್ಣ ಪಾಲು ಮಾತ್ರ.

ಹೀಗಾಗಿ ಅಲ್ಲಿ ಸುಧಾರಣೆ ಅಂದರೆ ಮೊದಲು ದಿನಗಳ ಲೆಕ್ಕ. ಒಬ್ಬ ಗಂಡಸಿನ ಬದುಕಿನಿಂದ ಎಷ್ಟು ದಿನ ತೆಗೆದುಕೊಳ್ಳಬೇಕು, ಎಷ್ಟನೇ ವಯಸ್ಸಿನವರೆಗೆ, ಆ ದಿನಗಳನ್ನು ಹೇಗೆ ಹಂಚಬೇಕು ಎಂಬುದು. 1961ರ 'ಸೇನೆ 61' ಎಂಬ ವ್ಯವಸ್ಥೆಯಲ್ಲಿ ಗಂಡಸರು 50 ವರ್ಷದವರೆಗೆ ಸೇವೆಯಲ್ಲಿರುತ್ತಿದ್ದರು, ಒಟ್ಟು ಬಲ ಸುಮಾರು 6,25,000. ಶೀತಲ ಸಮರ ಮುಗಿದ ಮೇಲೆ ಬಂದ 'ಸೇನೆ 95' ವಯಸ್ಸನ್ನು 42ಕ್ಕೆ, ಬಲವನ್ನು 4,00,000ಕ್ಕೆ ಇಳಿಸಿತು. 2004ರ ಜನವರಿ 1ರಂದು ಶುರುವಾದ 'ಸೇನೆ 21'ರಲ್ಲಿ (21ನೇ ಶತಮಾನದ ಸೇನೆ ಎಂದರ್ಥ) 1,20,000 ಸಕ್ರಿಯರು, 80,000 ಮೀಸಲು, 20,000 ಹೊಸ ಭರ್ತಿಯವರು. 2018ರಿಂದ ಜಾರಿಯಾದ ಸುಧಾರಣೆ ನಿಗದಿ ಬಲವನ್ನು 1,00,000ಕ್ಕೆ ತಂದು, ಮೀಸಲನ್ನು ತೆಗೆದೇ ಹಾಕಿತು.

ಅಲ್ಲಿಯ ಒಬ್ಬ ಹುಡುಗನಿಗೆ 18 ತುಂಬಿತು ಅಂತಿಟ್ಟುಕೊಳ್ಳಿ. ಆಮೇಲೆ ಏನೇನು ಆಗುತ್ತದೆ, ಒಂದೊಂದಾಗಿ ಹೇಳಿರಿ. – ಧಾರವಾಡದಿಂದ

ಮೊದಲು ತನ್ನ ಕ್ಯಾಂಟನ್, ಅಂದರೆ ರಾಜ್ಯ, ನಡೆಸುವ ಒಂದು ದಿನದ ಮಾಹಿತಿ ಸಭೆಗೆ ಹೋಗಬೇಕು. ಹುಡುಗರಿಗೆ ಅದು ಕಡ್ಡಾಯ. ಶಾಲೆ ಯಾವಾಗ ಮುಗಿಯುತ್ತದೆ, ಕೆಲಸ ಕಲಿಯುವ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಅಲ್ಲಿ ಸರಿಯಾಗಿ ಹೇಳಿಕೊಳ್ಳುವುದು ಮುಖ್ಯ. ಇಲ್ಲಿ ಉದಾಸೀನ ಮಾಡಿದವರು ಮುಂದೆ ಪರೀಕ್ಷೆಯ ತಿಂಗಳಲ್ಲೇ ಕರೆಪತ್ರ ಬಂದು ಪೇಚಾಡುತ್ತಾರೆ. ಮುಂದೂಡಿಕೆಗೆ ಅರ್ಜಿ ಹಾಕಬಹುದು, ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ರಜೆ ಸಿಕ್ಕಂತಲ್ಲ. ಮಂಜೂರಾತಿ ಕೈಗೆ ಬರುವ ತನಕ ಹಳೆಯ ಆದೇಶವೇ ಜಾರಿಯಲ್ಲಿರುತ್ತದೆ.

ನಂತರ ಭರ್ತಿ ಕೇಂದ್ರದಲ್ಲಿ ಎರಡು ಮೂರು ದಿನ. ವೈದ್ಯಕೀಯ ತಪಾಸಣೆ, ಮನಶ್ಶಾಸ್ತ್ರದ ಪ್ರಶ್ನಾವಳಿ, ದೇಹದಾರ್ಢ್ಯದ ಪರೀಕ್ಷೆ, ಕೈಗೆ ಬಂದೂಕು ಕೊಡಬಹುದೇ ಎಂಬ ಭದ್ರತಾ ಪರಿಶೀಲನೆ ಎಲ್ಲವೂ ಅಲ್ಲೇ. ಕೊನೆಗೆ ಮೂರರಲ್ಲೊಂದು ತೀರ್ಪು: ಸೇನೆಗೆ ಯೋಗ್ಯ, ವಿಪತ್ತಿನಲ್ಲಿ ನೆರವಾಗುವ ನಾಗರಿಕ ರಕ್ಷಣೆಗೆ ಯೋಗ್ಯ, ಎರಡಕ್ಕೂ ಅಲ್ಲ. ಯೋಗ್ಯನಾದವನಿಗೆ ಯಾವ ವಿಭಾಗ, ಯಾವ ಕೆಲಸ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಆಮೇಲೆ 18 ವಾರದ ರಿಕ್ರೂಟ್ ಶಾಲೆ, ಅಂದರೆ ಹೊಸಬರ ಮೂಲ ತರಬೇತಿ. ಮುಗಿಸಿದ ಮೇಲೆ ಆರು ಪುನರಭ್ಯಾಸ ಶಿಬಿರಗಳು, ವರ್ಷಕ್ಕೊಂದರಂತೆ, ಒಂದೊಂದು ಮೂರು ವಾರದ್ದು. ಲೆಕ್ಕಕ್ಕೆ ಹಿಡಿಯುವುದು 19 ದಿನ. ಒಟ್ಟಾರೆ ಸಾಮಾನ್ಯ ಸೈನಿಕನ ಪಾಲಿಗೆ 245 ದಿನ. ಹವಾಲ್ದಾರ, ಅಧಿಕಾರಿ ಆದವರಿಗೆ ಇದಕ್ಕಿಂತ ಬಹಳ ಹೆಚ್ಚು. ಇಷ್ಟನ್ನೂ ಒಂದೇ ಉಸಿರಿಗೆ ಮುಗಿಸುವವರಿಗೆ ಸುಮಾರು 300 ದಿನದ ನಿರಂತರ ಸೇವೆಯ ದಾರಿಯೂ ಇದೆ. ಆದರೆ ಒಂದು ವರ್ಷದಲ್ಲಿ ಭರ್ತಿಯಾಗುವ ಹುಡುಗರಲ್ಲಿ ಶೇ. 15ಕ್ಕಿಂತ ಹೆಚ್ಚು ಜನರಿಗೆ ಆ ಅವಕಾಶ ಕೊಡುವಂತಿಲ್ಲ. ಎಲ್ಲರೂ ಆ ದಾರಿ ಹಿಡಿದರೆ ಮಿಲಿಷಿಯಾ ಎಂಬುದು ಹೆಸರಿಗಷ್ಟೇ ಉಳಿಯುತ್ತದೆ.

ಎರಡಕ್ಕೂ ಯೋಗ್ಯನಲ್ಲ ಎಂದಾದವನು ಸುಮ್ಮನೆ ಮನೆಗೆ ಹೋಗುವಂತಿಲ್ಲ. ತೆರಿಗೆಗೆ ಒಳಪಡುವ ಆದಾಯದ ಶೇ. 3ರಷ್ಟು, ಕನಿಷ್ಠ 400 ಫ್ರಾಂಕ್, ಸೇವೆಯ ಬದಲಿ ತೆರಿಗೆಯಾಗಿ ಕಟ್ಟಬೇಕು. 60,000 ಫ್ರಾಂಕ್ ಆದಾಯವಿದ್ದರೆ ವರ್ಷಕ್ಕೆ 1,800 ಫ್ರಾಂಕ್, ಹೀಗೆ ಹೆಚ್ಚೆಂದರೆ 11 ವರ್ಷ.

ಹೆಣ್ಣುಮಕ್ಕಳಿಗೆ ಸೇವೆ ಐಚ್ಛಿಕ. ಎಲ್ಲ ವಿಭಾಗಗಳೂ ತೆರೆದಿವೆ, ಆದರೂ ಸೇನೆಯಲ್ಲಿ ಅವರ ಪಾಲು ಶೇ. 2ಕ್ಕಿಂತ ಕಡಿಮೆ.

ಶಿಬಿರಕ್ಕೆ ಹೋದ ಮೂರು ವಾರದ ಸಂಬಳ ಯಾರು ಕೊಡುತ್ತಾರೆ? ಕಂಪನಿ ಕೆಲಸದಿಂದ ತೆಗೆದರೆ? – ಬೆಂಗಳೂರಿನಿಂದ

ದೇಶದಲ್ಲಿ ದುಡಿಯುವ ಪ್ರತಿಯೊಬ್ಬರ ವೇತನದ ಶೇ. 0.5 ಒಂದು ಪರಿಹಾರ ನಿಧಿಗೆ ಹೋಗುತ್ತದೆ. ಅರ್ಧ ನೌಕರನದು, ಅರ್ಧ ಮಾಲೀಕನದು. ಸೇವೆಗೆ ಹೋದವನಿಗೆ ವೇತನದ ಶೇ. 80ನ್ನು ಆ ನಿಧಿ ಭರಿಸುತ್ತದೆ, ದಿನಕ್ಕೆ ಗರಿಷ್ಠ 220 ಫ್ರಾಂಕ್. ಮಕ್ಕಳಿಲ್ಲದ ರಿಕ್ರೂಟಿಗೆ ದಿನಕ್ಕೆ 69 ಫ್ರಾಂಕ್. ಎಷ್ಟೋ ಸಂಸ್ಥೆಗಳು ಪೂರ್ತಿ ಸಂಬಳ ಕೊಟ್ಟು ಪರಿಹಾರದ ಹಣವನ್ನು ತಾವು ಪಡೆಯುತ್ತವೆ. ಸೇವೆಗೆ ಹೋಗುವವನು ಸೇನೆ ಕೊಡುವ ನಮೂನೆಯನ್ನು ಕಚೇರಿಗೆ ತಲುಪಿಸಬೇಕು. ಅದನ್ನು ಮರೆತರೆ ಹಣ ಬರುವುದು ತಡವಾಗುತ್ತದೆ.

ಪ್ರೊಬೇಷನ್ ಮುಗಿದ ನೌಕರನನ್ನು ಸೇವೆಯ ಅವಧಿಯಲ್ಲಿ ತೆಗೆಯುವಂತಿಲ್ಲ. ಸೇವೆ 11 ದಿನಕ್ಕಿಂತ ಹೆಚ್ಚಿದ್ದರೆ ಅದರ ಹಿಂದಿನ ನಾಲ್ಕು ವಾರ, ಮುಂದಿನ ನಾಲ್ಕು ವಾರವೂ ರಕ್ಷಣೆ ಇದೆ. ಕಾನೂನು ಗಟ್ಟಿಯಾಗಿದೆ. ಆದರೆ ಬಡ್ತಿ ಕೊಡುವಾಗ ಪದೇ ಪದೇ ಶಿಬಿರಕ್ಕೆ ಹೋಗುವವನನ್ನು ಬದಿಗಿಟ್ಟರೆ ಅದನ್ನು ಯಾವ ಕಾನೂನೂ ಹಿಡಿಯಲಾರದು. ಯುವಕರು ಅಧಿಕಾರಿಯಾಗಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ 2018ರ ಸುಧಾರಣೆ ಹವಾಲ್ದಾರರಿಗೂ ಅಧಿಕಾರಿಗಳಿಗೂ ಮುಂದಿನ ಓದಿಗೆ ಖರ್ಚು ಮಾಡಬಹುದಾದ ನೆರವಿನ ಹಣವನ್ನು ಸೇರಿಸಿತು.

ನಾವು ಜೂರಿಕ್‌ನಲ್ಲಿದ್ದೇವೆ. ಮಗನಿಗೆ 17. ಸ್ವಿಸ್ ಪೌರತ್ವಕ್ಕೆ ಅರ್ಜಿ ಹಾಕುವ ಯೋಚನೆ. ಅವನೂ ಸೇನೆಗೆ ಹೋಗಬೇಕೇ? – ಜೂರಿಕ್‌ನಿಂದ

ಕಡ್ಡಾಯ ಸೇವೆ ಸ್ವಿಸ್ ಪೌರರಾದ ಗಂಡಸರಿಗೆ. ಅವರು ಹುಟ್ಟಿನಿಂದ ಪೌರರೋ ಆಮೇಲೆ ಆದವರೋ ಎಂಬ ಭೇದವಿಲ್ಲ. ಸಿ ಪರವಾನಗಿಯ, ಅಂದರೆ ಕಾಯಂ ವಾಸದ ಅನುಮತಿಯ, ಮೇಲೆ ಎಷ್ಟೇ ವರ್ಷ ಇದ್ದರೂ ಈ ಹೊಣೆ ಬರುವುದಿಲ್ಲ. ನಿಮ್ಮ ಮಗನ ವಯಸ್ಸಿಗೆ ಪೌರತ್ವ ಸಿಕ್ಕರೆ ಮಾಹಿತಿ ಸಭೆಯಿಂದ ಹಿಡಿದು ಮೇಲೆ ಹೇಳಿದ ಎಲ್ಲ ಹಂತವೂ ಅವನಿಗೆ ಅನ್ವಯ. ಕಾಲೇಜು ಸೇರುವ ಮೊದಲೇ ರಿಕ್ರೂಟ್ ಶಾಲೆ ಮುಗಿಸುವುದು ಒಳ್ಳೆಯದು. ಬೇಸಿಗೆಯ ತಂಡದ 18 ವಾರ ಸೆಪ್ಟೆಂಬರ್ ನಡುವೆ ಶುರುವಾಗುವ ಸೆಮಿಸ್ಟರ್ ಮೇಲೆ ಬೀಳುತ್ತದೆ. ಆಗ ಶಾಲೆಯನ್ನು ಎರಡು ಭಾಗ ಮಾಡಿಕೊಳ್ಳಲು ಅನುಮತಿ ಕೇಳಬೇಕಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಬೇರೆ ದೇಶದ ಪೌರತ್ವ ಪಡೆದ ಕೂಡಲೇ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ನಮ್ಮವರು ನೆಚ್ಚಿಕೊಳ್ಳುವುದು ಸಾಗರೋತ್ತರ ಭಾರತೀಯ ಕಾರ್ಡನ್ನು. ವಿದೇಶಿ ಸೇನೆಯಲ್ಲಿ ಇರುವವರ, ಇದ್ದವರ ಬಗ್ಗೆ ಆ ಕಾರ್ಡಿನ ನಿಯಮದಲ್ಲಿ ನಿರ್ಬಂಧವಿದೆ. ಕಡ್ಡಾಯ ಮಿಲಿಷಿಯಾ ಸೇವೆಯನ್ನು ಹೇಗೆ ಪರಿಗಣಿಸುತ್ತಾರೆ ಎಂಬುದನ್ನು ಮಗ ಭರ್ತಿ ಕೇಂದ್ರಕ್ಕೆ ಹೋಗುವ ಮೊದಲೇ ಬರ್ನ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯಿಂದ ಬರಹದಲ್ಲಿ ತಿಳಿದುಕೊಳ್ಳಿ. ಬಾಯಿಮಾತಿನ ಉತ್ತರ ಸಾಲದು.

'ಸೇನೆ 21' 2003ರ ಮತದಾನದಲ್ಲಿ ಶೇ. 76 ಜನ ಒಪ್ಪಿದ ಸುಧಾರಣೆ. ಹತ್ತೇ ವರ್ಷಕ್ಕೆ ಅದನ್ನು ಬಿಚ್ಚಿ ಕಟ್ಟಬೇಕಾಯಿತು. ಎಡವಿದ್ದು ಎಲ್ಲಿ? – ಮೈಸೂರಿನಿಂದ

ಈ ಪ್ರಶ್ನೆಗೆ ಸ್ವಲ್ಪ ಉದ್ದನೆಯ ಉತ್ತರವೇ ಬೇಕು. ಸಣ್ಣ ದೇಶಗಳ ಸೇನೆಗಳು ಇದರಿಂದ ಕಲಿಯುವುದು ಬಹಳ ಇದೆ.

'ಸೇನೆ 95'ರಲ್ಲಿ ರಿಕ್ರೂಟ್ ಶಾಲೆಯನ್ನು 17 ವಾರದಿಂದ 15ಕ್ಕೆ ಇಳಿಸಿದ್ದರು, ಪುನರಭ್ಯಾಸ ಶಿಬಿರವನ್ನು ಎರಡು ವರ್ಷಕ್ಕೊಮ್ಮೆ ಮಾಡಿದ್ದರು. ಎರಡು ವರ್ಷದಲ್ಲಿ ಕಲಿತದ್ದು ಮರೆತುಹೋಗುತ್ತಿತ್ತು, ಶಿಬಿರದ ಮೊದಲ ವಾರ ಮತ್ತೆ ಅ ಆ ಇ ಈ. 'ಸೇನೆ 21' ಇದನ್ನು ಸರಿಪಡಿಸಿತು. ಶಾಲೆ 18 ಅಥವಾ 21 ವಾರ, ಶಿಬಿರ ಪ್ರತಿ ವರ್ಷ. ಅಷ್ಟು ಒಳ್ಳೆಯದೇ. ತಪ್ಪಾದದ್ದು ಬೇರೆ ಕಡೆ.

ಮೊದಲನೆಯದು ಹವಾಲ್ದಾರರು ಮತ್ತು ಅಧಿಕಾರಿಗಳ ತಯಾರಿ. ನಾಯಕತ್ವಕ್ಕೆ ಆರಿಸಿದ ಹುಡುಗನನ್ನು ರಿಕ್ರೂಟ್ ಶಾಲೆಯ ನಡುವೆಯೇ ಎತ್ತಿಕೊಂಡು ತರಬೇತಿಗೆ ಕಳಿಸುತ್ತಿದ್ದರು. ದಿನಗಳು ಉಳಿದವು, ನಿಜ. ಆದರೆ ಶಾಲೆಯ ಕೊನೆಯ ವಾರಗಳಲ್ಲೇ ತುಕಡಿ ತುಕಡಿಯಾಗಿ ಅಭ್ಯಾಸ ನಡೆಯುವುದು. ಅದನ್ನು ತಾನು ಸೈನಿಕನಾಗಿ ಒಮ್ಮೆಯೂ ಮಾಡದವನು ಮುಂದಿನ ತಂಡಕ್ಕೆ ಅದನ್ನೇ ಮಾಡಿಸಬೇಕಾಯಿತು. ಹುಡುಗರು ಇಂಥದ್ದನ್ನು ಮೊದಲ ದಿನವೇ ಗುರುತಿಸುತ್ತಾರೆ. 2018ರ ಸುಧಾರಣೆ ಈ ಅಡ್ಡದಾರಿಯನ್ನು ಮುಚ್ಚಿತು. ಈಗ ನಾಯಕನಾಗುವವನೂ ಪೂರ್ತಿ 18 ವಾರ ಮುಗಿಸಬೇಕು, ನಂತರ ತರಬೇತಿ ಪಡೆದು, ಇನ್ನೊಂದು ಪೂರ್ತಿ ರಿಕ್ರೂಟ್ ಶಾಲೆಯಲ್ಲಿ ತಂಡ ನಡೆಸಿ ತೋರಿಸಬೇಕು.

ಎರಡನೆಯದು ಶಾಲೆ ಶುರುವಾಗುವ ದಿನಾಂಕಗಳು. ವರ್ಷಕ್ಕೆ ಮೂರು ತಂಡ ಎಂದು ಇಟ್ಟಿದ್ದರು. ಒಂದು ತಂಡ ಹೊರಡುವ ಮೊದಲೇ ಇನ್ನೊಂದು ಬಂದು ನಿಲ್ಲುತ್ತಿತ್ತು. ಮೂಲ ತರಬೇತಿಯನ್ನು ವೃತ್ತಿಪರ ಬೋಧಕರೇ ಕೊಡಬೇಕು ಎಂಬುದು ಯೋಜನೆ. ಅಷ್ಟು ಬೋಧಕರು ಸಿಗಲೇ ಇಲ್ಲ. ಇದ್ದವರಿಗೆ ಉಸಿರಾಡಲು, ಪಾಠ ಸಿದ್ಧಪಡಿಸಲು, ಸಲಕರಣೆ ದುರಸ್ತಿ ಮಾಡಿಸಲು ಬಿಡುವಿಲ್ಲ. ಅತ್ತ ಮಿಲಿಷಿಯಾ ಅಧಿಕಾರಿಗಳಿಗೆ ತಂಡ ನಡೆಸುವ ಅಭ್ಯಾಸವೇ ತಪ್ಪಿತು. ಈಗ ವರ್ಷಕ್ಕೆ ಎರಡೇ ತಂಡ.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು: 'ಮುಂದೆ ಬೆಳೆಸಿಕೊಳ್ಳೋಣ' ಎಂಬ ಸಿದ್ಧಾಂತ. ಯುದ್ಧದ ಅಪಾಯ ವರ್ಷಗಟ್ಟಲೆ ಮೊದಲೇ ಗೊತ್ತಾಗುತ್ತದೆ, ಆಗ ಸೇನೆಯನ್ನು ಹಿಗ್ಗಿಸಬಹುದು, ಅಲ್ಲಿಯವರೆಗೆ ಜ್ಞಾನವನ್ನು ಉಳಿಸಿಕೊಂಡರೆ ಸಾಕು ಎಂಬ ನಂಬಿಕೆ ಅದು. ಯಾವ ಸೂಚನೆ ಕಂಡರೆ ಹಿಗ್ಗಿಸಲು ಶುರು ಮಾಡಬೇಕು, ಯಾರು ನಿರ್ಧರಿಸಬೇಕು, ಹಣ ಎಲ್ಲಿಂದ ಎಂಬುದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ಟ್ಯಾಂಕ್ ತರಿಸಲು, ಅದನ್ನು ನಡೆಸುವವರನ್ನು ತಯಾರು ಮಾಡಲು ಬೇಕಾಗುವ ಕಾಲ ಅಪಾಯ ಬಂದು ನಿಲ್ಲುವ ಕಾಲಕ್ಕಿಂತ ಉದ್ದ. 80,000 ಮೀಸಲು ಕೂಡ ಹೀಗೆಯೇ. ಹೆಸರುಗಳ ಪಟ್ಟಿ ಇತ್ತು, ಅವರಿಗೆ ತರಬೇತಿಯಾಗಲಿ ಸಲಕರಣೆಯಾಗಲಿ ಇರಲಿಲ್ಲ.

ನಾಲ್ಕನೆಯದು ಉಗ್ರಾಣ. ಊರೂರಿನ ಶಸ್ತ್ರಾಗಾರಗಳನ್ನು ಮುಚ್ಚಿ ಎಲ್ಲವನ್ನೂ ಕೆಲವೇ ಕೇಂದ್ರಗಳಿಗೆ ತಂದರು. ಉಳಿತಾಯದ ಲೆಕ್ಕದಲ್ಲಿ ಇದು ಚೆನ್ನಾಗಿ ಕಂಡಿತು. ಆದರೆ ಒಂದೇ ವಾಹನ ಒಂದು ತುಕಡಿಯ ಶಿಬಿರದಿಂದ ಇನ್ನೊಂದರ ಶಿಬಿರಕ್ಕೆ ಓಡಾಡತೊಡಗಿತು, ನಡುವೆ ದುರಸ್ತಿಗೆ ಸಮಯವಿಲ್ಲ. ಎಲ್ಲ ತುಕಡಿಗಳನ್ನೂ ಒಮ್ಮೆಗೇ ಕರೆದರೆ ಕೊಡಲು ವಾಹನವೇ ಇರಲಿಲ್ಲ. 2010ರ ಹೊತ್ತಿಗೆ ಉಗ್ರಾಣ ಮತ್ತು ಮಾಹಿತಿ ತಂತ್ರಜ್ಞಾನದ ಈ ಕೊರತೆಯನ್ನು ಸರ್ಕಾರವೇ ತನ್ನ ಸೇನಾ ವರದಿಯಲ್ಲಿ ಒಪ್ಪಿಕೊಂಡಿತು.

ಜೊತೆಗೆ ಕ್ಯಾಂಟನ್‌ಗಳ ಹೆಸರಿನಲ್ಲಿದ್ದ ತುಕಡಿಗಳು, ಹಳೆಯ ಕೋರ್, ಡಿವಿಜನ್ ಎಂಬ ದೊಡ್ಡ ಘಟಕಗಳು ಒಮ್ಮೆಗೇ ಹೋದವು. ತನ್ನ ಊರಿನವರ ಜೊತೆ, ತನ್ನ ಭಾಷೆಯಲ್ಲಿ ಸೇವೆ ಮಾಡುವುದಕ್ಕೆ ನಾಲ್ಕು ಭಾಷೆಯ ದೇಶದಲ್ಲಿ ಎಷ್ಟು ಬೆಲೆ ಎಂಬುದು ಕನ್ನಡಿಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಈಗಿನ ನಾಲ್ಕು ಪ್ರಾದೇಶಿಕ ಡಿವಿಜನ್‌ಗಳು ಆ ನಂಟನ್ನು ಸ್ವಲ್ಪಮಟ್ಟಿಗೆ ಮರಳಿ ತಂದಿವೆ.

ನಾಳೆಯೇ ಕರೆ ಬಂದರೆ ಈ ಸೇನೆ ಎದ್ದು ನಿಲ್ಲುತ್ತದೆಯೇ? – ಹಾಸನದಿಂದ

2018ರ ಯೋಜನೆಯ ಗುರಿ ಹೀಗಿದೆ. ಸದಾ ತರಬೇತಿಯಲ್ಲಿರುವ ತಂಡಗಳು ಗಂಟೆಗಳಲ್ಲಿ ಹೊರಡಬೇಕು. ಹೆಚ್ಚಿನ ಸಿದ್ಧತೆಯ ಮಿಲಿಷಿಯಾ ತುಕಡಿಗಳು ಕೆಲವೇ ದಿನಗಳಲ್ಲಿ, ಒಟ್ಟು 35,000 ಜನ ಹತ್ತು ದಿನಗಳೊಳಗೆ. ಕರೆ ಮೊಬೈಲಿಗೇ ಬರುತ್ತದೆ, ಬಂದವನು ಸ್ವೀಕರಿಸಿದ್ದೇನೆ ಎಂದು ಉತ್ತರಿಸಬೇಕು. ನಂತರ ನಿಗದಿಯಾದ ಸ್ಥಳಕ್ಕೆ ಹೋಗಿ, ಸಲಕರಣೆ ಪಡೆದು, ತುಕಡಿ ಸೇರಬೇಕು.

2020ರ ಮಾರ್ಚ್ 16ರಂದು ಇದರ ನಿಜ ಪರೀಕ್ಷೆ ನಡೆಯಿತು. ಕೊರೊನಾಕ್ಕಾಗಿ 8,000 ಸೈನಿಕರವರೆಗೆ ಬಳಸಲು ಸರ್ಕಾರ ಅನುಮತಿ ಕೊಟ್ಟಿತು, ಎರಡನೇ ಮಹಾಯುದ್ಧದ ನಂತರದ ಅತಿ ದೊಡ್ಡ ಕರೆ ಅದು. ಜನ ಬಂದರು, ಬೇಗನೆ ಬಂದರು. ತೊಡಕಾದದ್ದು ಬಂದ ಮೇಲೆ: ಆಸ್ಪತ್ರೆಗಳು ಕೇಳಿದ್ದಕ್ಕಿಂತ ಹೆಚ್ಚು ಜನ ಕೆಲವು ಕಡೆ ಕೆಲಸವಿಲ್ಲದೆ ಕೂತರು. ಹಾಗಾಗಿ ಅದೇ ವರ್ಷದ ಚಳಿಗಾಲದ ಎರಡನೇ ಕರೆಯಲ್ಲಿ ಮಿತಿಯನ್ನು 2,500ಕ್ಕೆ ಇಳಿಸಿದರು. ತನ್ನ ಕೈಲಾದದ್ದೆಲ್ಲ ಮಾಡಿ ಮುಗಿದಿದೆ ಎಂದು ಕ್ಯಾಂಟನ್ ಮೊದಲು ತೋರಿಸಬೇಕಾಯಿತು.

ಆಸ್ಪತ್ರೆಯ ಕೆಲಸಕ್ಕೆ ಜನ ಸಾಕು, ಯುದ್ಧಕ್ಕೆ ಸಲಕರಣೆಯೂ ಬೇಕು. ಎಲ್ಲರನ್ನೂ ಕರೆದರೆ ಮೂರರಲ್ಲಿ ಒಂದು ಪಾಲಿಗಷ್ಟೇ ಪೂರ್ತಿ ಸಲಕರಣೆ ಸಿಗುತ್ತದೆ ಎಂದು 2025ರ ಕೊನೆಗೆ ಸೇನಾ ಮುಖ್ಯಸ್ಥರಾಗಿದ್ದ ಥಾಮಸ್ ಸುಸ್ಲಿ ಹುದ್ದೆ ಬಿಡುವ ಮುನ್ನ ಬಹಿರಂಗವಾಗಿಯೇ ಹೇಳಿದರು.

ಕೊಡಗಿನಲ್ಲಿ ನಮ್ಮ ಮನೆಗಳಲ್ಲಿ ಕೋವಿ ಇರುವಂತೆ ಅಲ್ಲಿಯೂ ಮನೆಮನೆಯಲ್ಲಿ ಬಂದೂಕು ಇದೆಯಂತೆ. ಸುಧಾರಣೆ ಅದನ್ನೂ ಮುಟ್ಟಿತೇ? – ಮಡಿಕೇರಿಯಿಂದ

ಹೋಲಿಕೆ ಮೇಲ್ನೋಟಕ್ಕೆ ಸರಿ. ಆದರೆ ಕೊಡಗಿನ ಕೋವಿ ಮನೆತನದ್ದು, ಕೈಲ್‌ಪೊಳ್ದಿಗೆ ಪೂಜೆಗೊಳ್ಳುವ ಸ್ವಂತ ಆಸ್ತಿ. ಸ್ವಿಸ್ ಸೈನಿಕನ ಮನೆಯಲ್ಲಿರುವ 5.6 ಮಿಲಿಮೀಟರಿನ 'ರೈಫಲ್ 90' ಸರ್ಕಾರದ್ದು, ಸೇವೆ ಮುಗಿಯುವ ತನಕ ಅವನ ವಶದಲ್ಲಿರುತ್ತದೆ ಅಷ್ಟೇ.

ಮೊದಲು ಅದರ ಜೊತೆ ಮೊಹರು ಮಾಡಿದ ಡಬ್ಬಿಯಲ್ಲಿ 50 ಗುಂಡನ್ನೂ ಮನೆಗೆ ಕೊಡುತ್ತಿದ್ದರು. ಕರೆ ಬಂದ ರಾತ್ರಿ ದಾರಿಯಲ್ಲೇ ಹೋರಾಡಬೇಕಾದರೆ ಇರಲಿ ಎಂಬ ಲೆಕ್ಕ. ಆತ್ಮಹತ್ಯೆ, ಮನೆಯೊಳಗಿನ ಕೊಲೆಗಳ ಚರ್ಚೆಯ ನಂತರ 2007ರಲ್ಲಿ ಆ ಗುಂಡನ್ನು ಹಿಂಪಡೆಯಲು ನಿರ್ಧರಿಸಿದರು. ಬಂದೂಕನ್ನೂ ಶಸ್ತ್ರಾಗಾರದಲ್ಲೇ ಇಡಬೇಕು ಎಂಬ ಪ್ರಸ್ತಾವ 2011ರ ಫೆಬ್ರವರಿ 13ರ ಮತದಾನದಲ್ಲಿ ಶೇ. 56.3 ವಿರೋಧದಿಂದ ಬಿದ್ದಿತು. ಮನೆಯಲ್ಲಿ ಬೇಡ ಅನ್ನುವವರು ಕಾರಣ ಹೇಳದೆ, ಶುಲ್ಕ ಕೊಡದೆ ಶಸ್ತ್ರಾಗಾರದಲ್ಲಿ ಇಡಬಹುದು.

ರೈಫಲ್ ಹೊಂದಿದ ಸೈನಿಕ ಪ್ರತಿ ವರ್ಷ ಆಗಸ್ಟ್ 31ರೊಳಗೆ ಯಾವುದಾದರೂ ಶೂಟಿಂಗ್ ಸಂಘದಲ್ಲಿ ಕಡ್ಡಾಯ ಗುಂಡು ಹಾರಿಸಬೇಕು: ಸಾಮಾನ್ಯವಾಗಿ 300 ಮೀಟರ್ ದೂರಕ್ಕೆ 20 ಗುಂಡು. ಕನಿಷ್ಠ 42 ಅಂಕ ಬರಬೇಕು, ಗುರಿ ತಪ್ಪಿ ಸೊನ್ನೆ ಬಂದ ಗುಂಡು ಮೂರಕ್ಕಿಂತ ಹೆಚ್ಚಿರಬಾರದು. ಆಗದಿದ್ದರೆ ಎರಡು ಸಲ ಮತ್ತೆ ಪ್ರಯತ್ನಿಸಬಹುದು. ಅದೂ ಆಗದಿದ್ದರೆ ವಿಶೇಷ ತರಬೇತಿ. ಹೋಗಲೇ ಇಲ್ಲ ಎಂದಾದರೆ ಬೇರೆ ದಿನ ಕಡ್ಡಾಯ ಶಿಬಿರ, ಅದನ್ನೂ ತಪ್ಪಿಸಿದರೆ ಶಿಕ್ಷೆ. ಗುರುತಿನ ಕಾರ್ಡು, ಸೇವಾ ಪುಸ್ತಕ, ಕರೆಪತ್ರ ಮರೆತು ಹೋಗಿ ವಾಪಸ್ ಬರುವವರು ಪ್ರತಿ ವರ್ಷ ಇರುತ್ತಾರೆ. ಅದರಲ್ಲೂ ಆಗಸ್ಟ್ ಕೊನೆಯ ವಾರ ಸಾಲು ಉದ್ದ.

ಸೇವೆ ಮುಗಿದ ಮೇಲೆ ಬಂದೂಕು ಬೇಕೆಂದರೆ ಹಿಂದಿನ ಮೂರು ವರ್ಷಗಳಲ್ಲಿ ಕಡ್ಡಾಯ ಶೂಟಿಂಗ್ ಎರಡು ಸಲ, ವರ್ಷಕ್ಕೊಮ್ಮೆ ನಡೆಯುವ ಮೈದಾನದ ಶೂಟಿಂಗ್ ಎರಡು ಸಲ ಮಾಡಿರಬೇಕು, ಶಸ್ತ್ರ ಪರವಾನಗಿ ಬೇಕು. ಶುಲ್ಕ 100 ಫ್ರಾಂಕ್. ಕೊಡುವ ಮೊದಲು ಒಂದೇ ಸಮನೆ ಸಿಡಿಯದಂತೆ ಅದರ ಯಂತ್ರವನ್ನು ಬದಲಿಸುತ್ತಾರೆ.

ಸ್ವಿಸ್ ವಾಯುಪಡೆ ಕಚೇರಿ ವೇಳೆಯಲ್ಲಿ ಮಾತ್ರ ಹಾರುತ್ತದೆ ಎಂದು ಎಲ್ಲೋ ಓದಿದೆ. ನಿಜವೇ? – ಬೀದರ್‌ನಿಂದ

ನಿಜವಾಗಿತ್ತು. 2014ರ ಫೆಬ್ರವರಿ 17ರಂದು ಅಡಿಸ್ ಅಬಾಬಾದಿಂದ ರೋಮ್‌ಗೆ ಹೊರಟ ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನವನ್ನು ಅದರ ಸಹ ಪೈಲಟ್‌ನೇ ಅಪಹರಿಸಿ ಬೆಳಗ್ಗೆ ಆರರ ಸುಮಾರಿಗೆ ಜಿನೀವಾದಲ್ಲಿ ಇಳಿಸಿದ. ಬೆಂಗಾವಲಿಗೆ ಬಂದದ್ದು ಇಟಲಿಯ, ಫ್ರಾನ್ಸಿನ ಯುದ್ಧವಿಮಾನಗಳು. ಸ್ವಿಸ್ ವಿಮಾನಗಳ ಸಿದ್ಧತೆ ಬೆಳಗ್ಗೆ 8ರಿಂದ 12, ಮಧ್ಯಾಹ್ನ 1.30ರಿಂದ 5, ಅದೂ ವಾರದ ಕೆಲಸದ ದಿನಗಳಲ್ಲಿ. ಜಗತ್ತು ನಕ್ಕಿತು. ಆದರೆ ವಿಮಾನ ಇರಲಿಲ್ಲ ಎಂಬುದಲ್ಲ ತೊಂದರೆ. ದಿನವಿಡೀ ಎರಡು ವಿಮಾನ ಸಿದ್ಧವಾಗಿರಬೇಕಾದರೆ ಪಾಳಿಯ ಮೇಲೆ ಪೈಲಟ್‌ಗಳು, ತಂತ್ರಜ್ಞರು, ರೇಡಾರ್ ಮುಂದೆ ಕೂರುವವರು ಬೇಕು. ಸುಮಾರು 100 ಹೊಸ ಹುದ್ದೆ ತುಂಬಿ, ಅವರನ್ನು ತರಬೇತುಗೊಳಿಸಬೇಕಾಯಿತು. ಅದಕ್ಕೇ ಹಂತ ಹಂತವಾಗಿ ಹೋದರು. 2016ರಲ್ಲಿ ಕೆಲಸದ ದಿನಗಳಲ್ಲಿ 8ರಿಂದ 6 ಗಂಟೆ, 2017ರಲ್ಲಿ ಭಾನುವಾರವೂ ಸೇರಿ ವರ್ಷವಿಡೀ, 2019ರಲ್ಲಿ ಬೆಳಗ್ಗೆ 6ರಿಂದ ರಾತ್ರಿ 10, 2020ರ ಕೊನೆಯ ದಿನದಿಂದ ಇಡೀ ದಿನ. ಈಗ ಎರಡು ಎಫ್/ಎ-18 ವಿಮಾನಗಳು 15 ನಿಮಿಷದಲ್ಲಿ ಏರುವಂತೆ ಸಿದ್ಧವಿರುತ್ತವೆ.

ಯುದ್ಧವಿಮಾನ ಕೊಳ್ಳುವುದಕ್ಕೂ ಅಲ್ಲಿ ಜನರ ಮತ ಕೇಳುತ್ತಾರೆಯೇ? – ಮಂಗಳೂರಿನಿಂದ

ಖರೀದಿಯ ಮೇಲೆ ನೇರವಾಗಿ ಮತ ಹಾಕುವ ಹಕ್ಕಿಲ್ಲ. ಆದರೆ ಕಾಯ್ದೆಯೊಂದರ ವಿರುದ್ಧ 100 ದಿನದಲ್ಲಿ 50,000 ಸಹಿ ಬಂದರೆ ಮತದಾನ ನಡೆಯಲೇಬೇಕು. ಸಂವಿಧಾನ ತಿದ್ದುಪಡಿ ಕೇಳಲು 18 ತಿಂಗಳಲ್ಲಿ 1,00,000 ಸಹಿ ಬೇಕು. 1989ರ ನವೆಂಬರ್ 26ರಂದು ಸೇನೆಯನ್ನೇ ರದ್ದು ಮಾಡೋಣ ಎಂಬ ಪ್ರಸ್ತಾವಕ್ಕೆ ಶೇ. 35.6 ಮತ ಬಂತು. ಸೋತಿತು, ಆದರೆ ಮೂರರಲ್ಲಿ ಒಬ್ಬನಿಗೆ ಸೇನೆ ಬೇಡವಾಗಿದೆ ಎಂಬುದು 'ಸೇನೆ 95'ನ್ನು ರೂಪಿಸುತ್ತಿದ್ದವರ ಕಣ್ಣು ತೆರೆಸಿತು.

2014ರಲ್ಲಿ 22 ಗ್ರಿಪೆನ್ ವಿಮಾನಗಳಿಗೆ ಹಣ ಕೂಡಿಸುವ ನಿಧಿಯ ಕಾಯ್ದೆಯನ್ನು ಶೇ. 53.4 ಜನ ತಿರಸ್ಕರಿಸಿದರು. ಸರ್ಕಾರ ಪಾಠ ಕಲಿತು 2020ರಲ್ಲಿ ವಿಮಾನದ ಹೆಸರು ಹೇಳದೆ, ಗರಿಷ್ಠ 600 ಕೋಟಿ ಫ್ರಾಂಕ್ ಎಂಬ ಯೋಜನೆಯನ್ನಷ್ಟೇ ಮುಂದಿಟ್ಟಿತು. ಶೇ. 50.1ರಿಂದ ಪಾಸಾಯಿತು, ಅಂತರ ಒಂಬತ್ತು ಸಾವಿರ ಮತದೊಳಗೆ. ಮರುವರ್ಷ ಅಮೆರಿಕದ ಎಫ್-35 ಆಯ್ಕೆಯಾಯಿತು, 36 ವಿಮಾನ. ಬೆಲೆ ಸ್ಥಿರ ಎಂದು ಸರ್ಕಾರ ಮತ್ತೆ ಮತ್ತೆ ಭರವಸೆ ಕೊಟ್ಟಿತ್ತು. 2025ರ ಜೂನ್‌ನಲ್ಲಿ ನೋಡಿದರೆ ಅಮೆರಿಕ ಅದನ್ನು ಸ್ಥಿರ ಬೆಲೆ ಎಂದು ಒಪ್ಪುವುದೇ ಇಲ್ಲ, ಇನ್ನೂ 65 ಕೋಟಿಯಿಂದ ಸುಮಾರು 130 ಕೋಟಿ ಬೇಕಾಗಬಹುದು ಎಂದಾಯಿತು. ಇಷ್ಟು ಕಡಿಮೆ ಅಂತರದಲ್ಲಿ ಜನ ಕೊಟ್ಟ ಒಪ್ಪಿಗೆಯ ಮೇಲೆ ನಿಂತ ಖರೀದಿಯಲ್ಲಿ ಕರಾರಿನ ಒಂದೊಂದು ಪದವನ್ನೂ ಸಹಿಗೆ ಮೊದಲೇ ಒರೆಗೆ ಹಚ್ಚಬೇಕಿತ್ತು. 1964ರಲ್ಲೇ ಇಂಥ ಪೆಟ್ಟು ಬಿದ್ದಿತ್ತು. 100 ಮಿರಾಜ್ ವಿಮಾನಕ್ಕೆ ಮಂಜೂರಾದ 87.1 ಕೋಟಿ ಸಾಲದೆ ಇನ್ನೂ 57.6 ಕೋಟಿ ಕೇಳಿದಾಗ ಸಂಸತ್ತು ತನಿಖೆ ನಡೆಸಿತು, ವಿಮಾನಗಳ ಸಂಖ್ಯೆ 57ಕ್ಕೆ ಇಳಿಯಿತು.

ಯುವಕರು ಸೇನೆ ಬಿಟ್ಟು ನಾಗರಿಕ ಸೇವೆಗೆ ಹೋಗುತ್ತಿದ್ದಾರಂತೆ? – ಉಡುಪಿಯಿಂದ

ಹೌದು. 1996ರಲ್ಲಿ ನಾಗರಿಕ ಸೇವೆ, ಅಂದರೆ ಸೇನೆಯ ಬದಲು ಮಾಡುವ ಸಮಾಜದ ಕೆಲಸ, ಶುರುವಾದಾಗ ಆತ್ಮಸಾಕ್ಷಿ ಒಪ್ಪುವುದಿಲ್ಲ ಎಂದು ಸಮಿತಿಯ ಮುಂದೆ ಸಾಬೀತು ಮಾಡಬೇಕಿತ್ತು. 2009ರ ಏಪ್ರಿಲ್‌ನಿಂದ ಆ ವಿಚಾರಣೆ ಹೋಯಿತು. ಉಳಿದ ಸೇವೆಯ ಒಂದೂವರೆ ಪಟ್ಟು ದಿನ ದುಡಿಯಲು ಸಿದ್ಧನಿರುವುದೇ ಸಾಕ್ಷಿ ಎಂದಾಯಿತು. ಸೇನೆಯಲ್ಲಿ 120 ದಿನ ಬಾಕಿ ಇದ್ದರೆ ವೃದ್ಧಾಶ್ರಮದಲ್ಲೋ ಆಲ್ಪ್ಸ್‌ನ ಹುಲ್ಲುಗಾವಲಲ್ಲೋ 180 ದಿನ. ಅರ್ಜಿಗಳು ಒಂದೇ ವರ್ಷದಲ್ಲಿ ಎರಡು ಸಾವಿರದ ಆಸುಪಾಸಿನಿಂದ ಏಳು ಸಾವಿರದ ಆಸುಪಾಸಿಗೆ ಏರಿದವು. ಈಚಿನ ವರ್ಷಗಳಲ್ಲೂ 6,500ಕ್ಕಿಂತ ಹೆಚ್ಚು. ಸೇನೆಗೆ ಹೆಚ್ಚು ನೋವಾಗುವುದು ರಿಕ್ರೂಟ್ ಶಾಲೆ ಮುಗಿಸಿ, ಕೆಲಸ ಕಲಿತ ಮೇಲೆ ಹೊರಡುವವರಿಂದ.

ನಿಯಮ ಬಿಗಿಗೊಳಿಸುವ ಪ್ರಯತ್ನ 2020ರಲ್ಲಿ ಸಂಸತ್ತಿನ ಕೊನೆಯ ಮತದಾನದಲ್ಲಿ ಬಿದ್ದಿತು. ಗಂಡು ಹೆಣ್ಣು ಎಲ್ಲರಿಗೂ ಒಂದಲ್ಲ ಒಂದು ಸಾರ್ವಜನಿಕ ಸೇವೆ ಕಡ್ಡಾಯ ಮಾಡೋಣ ಎಂಬ ಪ್ರಸ್ತಾವವನ್ನು 2025ರ ನವೆಂಬರ್ 30ರಂದು ಶೇ. 84 ಜನ ತಳ್ಳಿಹಾಕಿದರು. ನಾಗರಿಕ ಸೇವೆಯ ಹುಡುಗರನ್ನು ದೂರುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ವೃದ್ಧಾಶ್ರಮದ ಕೆಲಸವೂ ದೇಶದ ಕೆಲಸವೇ. ಶಿಬಿರದ ಮೂರು ವಾರ ವ್ಯರ್ಥವಾಗಲಿಲ್ಲ ಎಂದು ಸೈನಿಕನಿಗೆ ಅನ್ನಿಸುವಂತೆ ಮಾಡುವುದು ಸೇನೆಯ ಹೊಣೆ.

ಸೈಕಲ್ ಪಡೆ ಇತ್ತಂತೆ, ಈಗಲೂ ಇದೆಯೇ? – ಬೆಳಗಾವಿಯಿಂದ

ಇಲ್ಲ. 1891ರಲ್ಲಿ ಹುಟ್ಟಿದ ಸೈಕಲ್ ಪಡೆ 'ಸೇನೆ 21'ರ ಹೊಸ್ತಿಲಲ್ಲಿ, 2003ರಲ್ಲಿ ಕೊನೆಗೊಂಡಿತು. ಸಂದೇಶದ ಪಾರಿವಾಳಗಳು 1990ರ ದಶಕದಲ್ಲೇ ಹೋಗಿದ್ದವು. ಕುದುರೆಗಳು ಮಾತ್ರ ಉಳಿದಿವೆ, ವಾಹನ ಹತ್ತದ ಬೆಟ್ಟಕ್ಕೆ ಸಾಮಾನು ಹೊರಲು.

ಬೆಟ್ಟದೊಳಗಿನ ಕೋಟೆಗಳು, ಮದ್ದಿನ ಮನೆಗಳು ಏನಾದವು? – ಚಿತ್ರದುರ್ಗದಿಂದ

ಕೆಲವು ವಸ್ತುಸಂಗ್ರಹಾಲಯವಾದವು, ಕೆಲವನ್ನು ದತ್ತಾಂಶ ಕೇಂದ್ರ ಮಾಡಲು ಮಾರಿದರು. ಸೇತುವೆ, ಸುರಂಗಗಳಲ್ಲಿ ಹುದುಗಿಸಿಟ್ಟ ಸ್ಫೋಟಕಗಳನ್ನೂ ತೆಗೆದರು. ಉಕ್ರೇನ್ ಯುದ್ಧದ ನಂತರ ಉಳಿದ ಬಂಕರ್ ಮಾರುವ ಮೊದಲು ಎರಡು ಸಲ ಯೋಚಿಸುತ್ತಿದ್ದಾರೆ.

ಆದರೆ ಸುಲಭವಾಗಿ ಮುಚ್ಚಲಾಗದ ಒಂದು ಲೆಕ್ಕ ಮಿಟ್‌ಹೋಲ್ಜ್‌ನದು. ಬರ್ನ್ ಕ್ಯಾಂಟನ್‌ನ ಕಾಂಡರ್ ಕಣಿವೆಯ ಆ ಹಳ್ಳಿಯ ಪಕ್ಕದ ಬೆಟ್ಟದಲ್ಲಿ ಸುಮಾರು 7,000 ಟನ್ ಮದ್ದುಗುಂಡು ಇಟ್ಟಿದ್ದರು. 1947ರ ಡಿಸೆಂಬರ್ 19ರ ರಾತ್ರಿ ಅರ್ಧದಷ್ಟು ಸಿಡಿದು ಒಂಬತ್ತು ಜನ ಸತ್ತರು. ಉಳಿದ ಸುಮಾರು 3,500 ಟನ್ ಬಂಡೆಯ ಅವಶೇಷದಡಿ ಹಾಗೇ ಇದೆ. ಅದು ಮತ್ತೆ ಸಿಡಿಯುವ ಸಂಭವ ಇಷ್ಟು ವರ್ಷ ಅಂದುಕೊಂಡದ್ದಕ್ಕಿಂತ ಹೆಚ್ಚು ಎಂಬುದು 2018ರ ಮರುಪರಿಶೀಲನೆಯಲ್ಲಿ ತಿಳಿಯಿತು. 2023ರಲ್ಲಿ ಸಂಸತ್ತು 259 ಕೋಟಿ ಫ್ರಾಂಕ್ ಮಂಜೂರು ಮಾಡಿದೆ. ಮೊದಲು ರಸ್ತೆ ಮತ್ತು ರೈಲು ಮಾರ್ಗಕ್ಕೆ ರಕ್ಷಣೆ ಕಟ್ಟಬೇಕು, ಆಮೇಲೆ ಬಂಡೆ ಸರಿಸಿ ಒಂದೊಂದೇ ಗುಂಡನ್ನು ಹೊರತೆಗೆಯಬೇಕು. ಹಳ್ಳಿಯವರು 2030ರ ಹೊತ್ತಿಗೆ ಮನೆ ಬಿಡಬೇಕು, ಮರಳಲು ಹತ್ತು ವರ್ಷವಾದರೂ ಬೇಕು.